ಕೈ ಒರೆಸುವ ಪರದೆ

ಬನ್ನಿ, ಹತ್ತಿರ ಬನ್ನಿ. ಹೂಂಗುಡುವವರು ಮುಂದೆ ಕೂತುಕೊಳ್ಳಿ, ತೂಕಡಿಸುವವರು ಗೋಡೆಗೆ ಒರಗಿಕೊಳ್ಳಿ. ನಮಗಿಂತ ಮುಂಚೆ ಹೊತ್ತು ಹುಟ್ಟುವ ದೇಶದ ಕಥೆ ಇದು. ಜಪಾನು ಅಂತೀವಲ್ಲ, ಅದೇ. ಅಲ್ಲೊಂದು ಬಂದರಿನ ಊರು. ಊರಿನ ಹೆಸರು ಕೇಳಬೇಡಿ, ನನಗೆ ಹೇಳಿದವರೂ ಅದನ್ನು ಹೇಳಲಿಲ್ಲ. ಹಿಂದೆ ಗುಡ್ಡ, ಮುಂದೆ ಕಡಲು, ನಡುವೆ ಒಂದು ಬೀದಿ. ಬೀದಿಯ ತುಂಬ ಊಟದ ಅಂಗಡಿಗಳು.

ಒಂದರಲ್ಲಿ ಕೆಂಡದ ಮೇಲೆ ಸುಟ್ಟ ಮೀನು. ಒಂದರಲ್ಲಿ ಮಾಗೊಜಿ ಅನ್ನುವ ದಪ್ಪ ಮನುಷ್ಯನ ಶಾವಿಗೆ, ಬೋಗುಣಿ ಎತ್ತಿ ಸೊರ್ ಅಂತ ಹೀರಿದರೆ ಬೀದಿಗೆಲ್ಲ ಕೇಳಬೇಕು. ಅದರ ಪಕ್ಕದ್ದು ತೊಮೆಯಮ್ಮನ ಸಾರಿನ ಅಂಗಡಿ. ಒಲೆಯ ಮೇಲೆ ಮಗು ಮುಳುಗುವಷ್ಟು ದೊಡ್ಡ ಪಾತ್ರೆ. ಅದರಲ್ಲಿ ಮೂಲಂಗಿ, ಮೊಟ್ಟೆ, ಮೀನಿನ ಉಂಡೆ ನಿಧಾನವಾಗಿ ಬೇಯುತ್ತಾ ಇರ್ತವೆ. ಎಷ್ಟು ಸಾರು ಖರ್ಚಾಯಿತೋ ಅಷ್ಟನ್ನು ದಿನಾ ಹೊಸದಾಗಿ ಸೇರಿಸೋದು. ತೊಮೆಯಮ್ಮನ ಅತ್ತೆ ಇಟ್ಟ ಸಾರು ಅದು. ಆ ಪಾತ್ರೆಯ ತಳ ನೋಡಿದವರು ಯಾರೂ ಇಲ್ಲ.

ಈಗ ನೀವು ಹಸಿದುಕೊಂಡು ಹಡಗಿನಿಂದ ಇಳಿದಿರಿ ಅಂತಿಟ್ಟುಕೊಳ್ಳಿ. ಊರು ಗೊತ್ತಿಲ್ಲ, ಜನ ಗೊತ್ತಿಲ್ಲ. ಯಾವ ಅಂಗಡಿಗೆ ನುಗ್ತೀರಿ? ಅದಕ್ಕೊಂದು ಗುರುತಿತ್ತು. ಪ್ರತಿ ಬಾಗಿಲಿಗೂ ಎದೆಮಟ್ಟಕ್ಕೆ ಇಳಿಬಿದ್ದ ಬಟ್ಟೆಯ ಪರದೆ. ನಮ್ಮಲ್ಲಿ ಉಂಡವರ ಕೈಗೆ ಚೊಂಬಿನಲ್ಲಿ ನೀರು ಹಾಕ್ತೀವಿ. ಅಲ್ಲಿ ಹಾಗಿಲ್ಲ. ಉಂಡವರು ಹೊರಗೆ ಹೋಗ್ತಾ ಬೆರಳನ್ನು ಬಾಗಿಲ ಪರದೆಗೆ ಒರೆಸಿ ಹೋಗ್ತಾರೆ. ಮುಖ ಕಿವುಚಬೇಡಿ, ಕೇಳಿ. ಯಾವ ಪರದೆ ಹೆಚ್ಚು ಕೊಳೆಯೋ ಅಲ್ಲಿ ಹೆಚ್ಚು ಜನ ಉಂಡಿದ್ದಾರೆ, ಅಲ್ಲಿಯದೇ ರುಚಿ. ಹೊಸಬರು ಬೀದಿಯಲ್ಲಿ ನಿಂತು ಮೂಗಿಗಿಂತ ಮೊದಲು ಪರದೆ ನೋಡೋರು. ತೊಮೆಯಮ್ಮನ ಪರದೆ ಹೇಗಿತ್ತು? ಬಾಣಲೆಯ ತಳದ ಹಾಗಿತ್ತು. ಬೀದಿಯಲ್ಲೇ ಅಷ್ಟು ಕಪ್ಪು ಪರದೆ ಇನ್ನೊಂದಿರಲಿಲ್ಲ.

ಆ ಮನೆಗೆ ಗುಡ್ಡದ ಮೇಲಿನ ಹಳ್ಳಿಯಿಂದ ಒಬ್ಬಳು ಸೊಸೆ ಬಂದಳು. ಹೆಸರು ನುಯಿ. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಮಾತ್ರ ಹೇಗಂದರೆ, ಪಕ್ಕದಲ್ಲಿ ಸಾರು ಕುದೀತಿದ್ದರೆ ಅವಳ ದನಿ ಕೇಳಿಸುತ್ತಿರಲಿಲ್ಲ. ಗಿರಾಕಿಗಳು ಏನಾದರೂ ಕೇಳಿದರೆ ಸೌಟನ್ನೇ ನೋಡಿಕೊಂಡು ತಲೆಯಾಡಿಸೋಳು. ಗಂಡ ಸೆಯ್‌ಕಿಚಿ ದೊಡ್ಡ ದೋಣಿಗಳ ಜೊತೆ ದೂರದ ಮೀನಿಗೆ ಹೋದ. ಊರಿನ ಮುಕ್ಕಾಲು ಗಂಡಸರೂ ಅದೇ ದೋಣಿಗಳಲ್ಲಿ ಹೋದರು. ಅದೇ ಹೊತ್ತಿಗೆ ಕೊಲ್ಲಿಯಾಚೆ ತೊಮೆಯಮ್ಮನ ಅಕ್ಕ ಹಾಸಿಗೆ ಹಿಡಿದಳು.

ತೊಮೆಯಮ್ಮ ಬೀದಿ ಏಳುವ ಮುಂಚೆಯೇ ಗಂಟು ಕಟ್ಟಿಕೊಂಡು, ದೋಣಿ ಹತ್ತುವ ಮೊದಲು ಸೊಸೆಗೆ ಮೂರು ಮಾತು ಹೇಳಿದಳು.

"ಒಲೆ ಆರಬಾರದು. ಸಾರು ಕೆಡಬಾರದು. ಯಾರೂ ಹಸಿದು ಹೋಗಬಾರದು."

ನಾಲ್ಕನೆಯದು ಹೇಳಲಿಲ್ಲ. ಯಾಕೆ ಹೇಳ್ತಾಳೆ? ಉಸಿರಾಡು ಅಂತ ಯಾರಾದರೂ ಯಾರಿಗಾದರೂ ಹೇಳಿ ಹೋಗ್ತಾರೆಯೇ?

ನುಯಿಗೆ ಅತ್ತೆಯ ಕಣ್ಣಲ್ಲಿ ಒಳ್ಳೆಯವಳಾಗಬೇಕು ಅನ್ನೋ ಆಸೆ. ನೆಲ ಉಜ್ಜಿದಳು, ಬೆಂಚು ಉಜ್ಜಿದಳು, ಸೌಟು ಹೊಳೆಯೋ ಹಾಗೆ ತಿಕ್ಕಿದಳು. ಕೊನೆಗೆ ತಲೆ ಎತ್ತಿದರೆ ಬಾಗಿಲಲ್ಲಿ ಆ ಪರದೆ. ಅವಳ ಹಳ್ಳಿಯಲ್ಲಿ ಇಂಥ ಬಟ್ಟೆ ಬಾಗಿಲಲ್ಲಿದ್ದರೆ ಮನೆಯೊಳಗೆ ಹೆಂಗಸರಿಲ್ಲ ಅಂತ ಅರ್ಥ. ಪಾಪ, ಅತ್ತೆಗೆ ವಯಸ್ಸಾಗಿದೆ, ರಟ್ಟೆಯಲ್ಲಿ ಶಕ್ತಿ ಇಲ್ಲ ಅಂದುಕೊಂಡು, ಇಳಿಸಿ ತೊರೆಗೆ ಒಯ್ದಳು. ಬೂದಿನೀರಿನಲ್ಲಿ ನೆನೆಸಿದಳು, ಕಲ್ಲಿಗೆ ಬಡಿದಳು. ಮೊದಲ ನೀರು ಕಪ್ಪಗೆ ಹರಿಯಿತು. ಎರಡನೆಯದು ಕಂದು. ಮೂರನೆಯ ನೀರು ತಿಳಿಯಾದಾಗ ನೋಡ್ತಾಳೆ, ಬಟ್ಟೆ ನೀಲಿ! ಆ ನೀಲಿಯ ಮೇಲೆ ಬಿಳಿ ದಾರದಲ್ಲಿ ಹೊಲಿದ ಒಂದು ಕಡಲಹಕ್ಕಿ. ಒಂದು ರೆಕ್ಕೆ ಉದ್ದ, ಒಂದು ರೆಕ್ಕೆ ಗಿಡ್ಡ. ಯಾರೋ ಕೈ ಪಳಗದವಳ ಕಸೂತಿ. ನುಯಿ ಒಬ್ಬಳೇ ನಕ್ಕಳು. ಆ ಊರಿಗೆ ಬಂದ ಮೇಲೆ ಅದೇ ಮೊದಲ ನಗು.

ಒಣಗಿಸಿ, ಬಾಗಿಲಿಗೆ ತೂಗಿ, ಸೌಟು ಹಿಡಿದು ಕೂತಳು. ಸರಕಿನ ಹಡಗೊಂದು ಬಂತು. ನಾವಿಕರು ಬೀದಿಗೆ ಬಂದರು, ನೀಲಿ ಪರದೆ ನೋಡಿದರು, ಹೊಸ ಅಂಗಡಿ, ಮೊದಲು ಬೇರೆಯವರು ಉಂಡು ನೋಡಲಿ ಅಂತ ಮುಂದೆ ಹೋದರು. ಮರುದಿನ ಇನ್ನೊಂದು ಹಡಗು. ಅವರೂ ಬಂದರು, ನೋಡಿದರು, ಮುಂದೆ ಹೋದರು. ಆಮೇಲೆ ಬಂದವರು ನಿಂತು ನೋಡಲೂ ಇಲ್ಲ.

ಗಿರಾಕಿ ಬರದಿದ್ದರೆ ಹಾಳಾಗಿ ಹೋಗಲಿ, ಅಕ್ಕಪಕ್ಕದವರೂ ಮುಖ ತಿರುಗಿಸಿದರು. ದಿನಾ ಬೆಳಿಗ್ಗೆ ತಲೆ ಬಾಗಿಸುತ್ತಿದ್ದ ಮಾಗೊಜಿ ಈಗ ಶಾವಿಗೆ ಹಿಟ್ಟನ್ನು ಅವಳ ಕಡೆ ನೋಡಿಕೊಂಡೇ ದಬದಬ ಗುದ್ದುತ್ತಿದ್ದ. ತಾನೇನು ಮಾಡಿದೆ ಅಂತ ನುಯಿಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಬರಲಿಲ್ಲ. ಪಾತ್ರೆ ತುಂಬಿದ್ದು ತುಂಬಿದ ಹಾಗೇ ಇತ್ತು. ಉಣ್ಣುವವರಿಲ್ಲದೆ ಹೊಸ ಸಾರು ಸೇರೋದು ಹೇಗೆ? ಮೂಗು ಹತ್ತಿರ ಒಯ್ದರೆ ಎಲ್ಲೋ ಆಳದಲ್ಲಿ ಒಂದು ಎಳೆ ಹುಳಿ. ಸಾರು ಇನ್ನೂ ಕೆಟ್ಟಿರಲಿಲ್ಲ. ಕೆಡೋದೋ ಬೇಡವೋ ಅಂತ ಯೋಚಿಸುತ್ತಿತ್ತು.

ಕೊನೆಗೆ ಬಾಯಿ ಬಿಟ್ಟವಳು ಇಸೊ. ಯಾರು ಈ ಇಸೊ? ದೋಣಿಕಟ್ಟೆಯಲ್ಲಿ ಕೂತು ಮೀನಿನ ಹೊಟ್ಟೆ ಸೀಳಿ ಶುಚಿ ಮಾಡುವ ಹೆಂಗಸರಿದ್ದಾರಲ್ಲ, ಅವರಲ್ಲಿ ಹಿರಿಯಳು. ಬಾಯಿ ಜೋರು, ಕತ್ತಿ ಅದಕ್ಕಿಂತ ಚುರುಕು. ನುಯಿ ಮೀನು ತರಲು ಹೋದಾಗ ನೇರವಾಗಿ ಕೇಳಿಬಿಟ್ಟಳು.

"ತೊಮೆಯಕ್ಕ ತೀರಿಕೊಂಡದ್ದು ಯಾವಾಗ ತಂಗಿ? ಇಲ್ಲಾ ನೀನೇ ಹೊರಗೆ ಹಾಕಿದೆಯೋ?"

ನುಯಿಯ ಕೈಯಿಂದ ಬುಟ್ಟಿ ಬಿತ್ತು. ಇಸೊ ಅವಳ ಮುಖ ನೋಡಿದಳು, ಕತ್ತಿ ಕೆಳಗಿಟ್ಟಳು, ಎಲ್ಲ ಬಿಡಿಸಿ ಹೇಳಿದಳು. ಪರದೆ ಅಂದರೇನು, ಕೊಳೆ ಅಂದರೇನು, ಯಜಮಾನಿ ಬದಲಾದಾಗ ಮಾತ್ರ ಪರದೆ ಬದಲಾಗೋದು, ಈಗ ಇಡೀ ಬೀದಿ ನುಯಿ ಅತ್ತೆಯನ್ನು ಓಡಿಸಿ ಗಂಡ ಬರೋದರೊಳಗೆ ಅಂಗಡಿ ತನ್ನದು ಮಾಡಿಕೊಂಡಳು ಅಂತ ಮಾತಾಡ್ತಿದೆ, ಎಲ್ಲ. ನುಯಿ ಕೇಳಿಸಿಕೊಂಡಳು. ತಾನು ತೊರೆಯಲ್ಲಿ ಹರಿಯಬಿಟ್ಟದ್ದು ಕೊಳೆಯಲ್ಲ, ಅತ್ತೆ ಜೀವಮಾನವಿಡೀ ಉಣ್ಣಿಸಿದ ಊಟ.

ಈಗ ಏನು ಮಾಡಬೇಕು? ಅತ್ತೆ ಬಂದರೆ ಗುಡ್ಡದ ದಾರಿ ತೋರಿಸೋದು ಖಂಡಿತ. ಓಡಿ ಬಂದು ಒಲೆಯ ಮಸಿ ತೆಗೆದು ಪರದೆಗೆ ಬಳಿದಳು. ದಾರಿಹೋಕರು ನೋಡಿ, ಅಯ್ಯೋ ಈ ಮನೆಗೆ ಬೆಂಕಿ ಬಿದ್ದಿತ್ತು ಅಂದರು. ಒಗೆದಳು. ಮೀನೆಣ್ಣೆ ತಂದು ಹಚ್ಚಿದಳು. ಜನ ಬರಲಿಲ್ಲ, ಬೆಕ್ಕು ಬಂದವು. ಊರಿನ ಬೆಕ್ಕೆಲ್ಲ ಬಂದು ಪರದೆಗೆ ಜೋತುಬಿದ್ದವು. ಒಂದು ಮುದಿ ಬೆಕ್ಕಂತೂ ತೊಟ್ಟಿಲಿನ ಹಾಗೆ ತೂಗಾಡಿಕೊಂಡು ನೆಕ್ಕಿತು. ಮಾಗೊಜಿ ಶಾವಿಗೆ ಬಿಟ್ಟು ನೋಡುತ್ತಾ ನಿಂತ. ನುಯಿ ಬೆಕ್ಕು ಬಿಡಿಸಿ, ಮತ್ತೆ ಒಗೆದು, ನೀಲಿಯ ಪರದೆಯನ್ನು ನೀಲಿಯಾಗಿಯೇ ತೂಗಿ, ಒಲೆಯ ಮುಂದೆ ಕೂತು ಅತ್ತಳು.

ಅಳುವಾಗ ಅತ್ತೆಯ ಮಾತು ನೆನಪಾಯಿತು. ಯಾರೂ ಹಸಿದು ಹೋಗಬಾರದು. ಪರದೆಯ ಸಂದಿನಿಂದ ದೋಣಿಕಟ್ಟೆ ಕಾಣುತ್ತಿತ್ತು. ಇಸೊ ಮತ್ತು ಅವಳ ಜೊತೆಯವರು ಗಾಳಿಗೆ ಬೆನ್ನು ಕೊಟ್ಟು ತಣ್ಣನೆಯ ಅನ್ನದ ಉಂಡೆ ಅಗಿಯುತ್ತಿದ್ದರು. ಊರಿಗೆಲ್ಲ ಮೀನು ಶುಚಿ ಮಾಡಿಕೊಡೋರು ಅವರು. ಆದರೆ ಮೈಯೆಲ್ಲ ಮೀನಿನ ವಾಸನೆ. ಬನ್ನಿ ಅಂತ ಯಾರೂ ಕರೆದದ್ದಿಲ್ಲ, ಬರಬೇಡಿ ಅಂತ ಯಾರೂ ಹೇಳಿದ್ದೂ ಇಲ್ಲ. ಅವರೇ ಬೀದಿಯ ಆ ಕಡೆ ಉಳಿದಿದ್ದರು.

ನುಯಿ ಎದ್ದಳು. ಬೋಗುಣಿಗೆ ಬಿಸಿ ಸಾರು ಬಗ್ಗಿಸಿ, ಸೆರಗಿಲ್ಲದ ಉಡುಪಲ್ಲವೇ, ಅಂಗಿಯ ತೋಳಿನ ತುದಿಯಲ್ಲೇ ಹಿಡಿದುಕೊಂಡು ದೋಣಿಕಟ್ಟೆಗೆ ನಡೆದಳು. ಕಡಲು ಭೋರಿಡುತ್ತಿತ್ತು. ಆವತ್ತು ಮಾತ್ರ ಅವಳ ದನಿ ಕಡಲನ್ನೂ ದಾಟಿ ಕೇಳಿಸಿತು.

"ಇಸೊ ಅಕ್ಕ, ನಮ್ಮತ್ತೆಯ ಸಾರು ಸಾಯ್ತಾ ಇದೆ. ಎಲ್ಲರೂ ಬಂದು ಉಳಿಸಿಕೊಡಿ."

ಇಸೊ ತನ್ನ ಕೈ ನೋಡಿಕೊಂಡಳು. ನಮ್ಮ ವಾಸನೆ ಗೊತ್ತಲ್ಲ ಅಂದಳು. ಸಾರಿನಲ್ಲಿ ಇರೋದೂ ಮೀನೇ ಅಲ್ಲವೇ ಅಂದಳು ನುಯಿ. ಇಸೊ ನಕ್ಕುಬಿಟ್ಟಳು, ಕತ್ತಿ ಸೊಂಟಕ್ಕೆ ಸಿಕ್ಕಿಸಿ ಎದ್ದಳು. ಅವಳ ಹಿಂದೆ ಎಲ್ಲರೂ ಎದ್ದರು.

ಬರಿಗೈಯಲ್ಲಿ ಬರಲಿಲ್ಲ ಅವರು. ಒಬ್ಬಳು ಮೀನಿನ ತಲೆ ತಂದಳು, ಒಬ್ಬಳು ಕಡಲಪಾಚಿ ತಂದಳು, ಒಬ್ಬಳು ಚಿಪ್ಪು ಮೀನು ತಂದಳು. ಹಳೆಯದು ಖರ್ಚಾಯಿತು, ಹೊಸದು ಸೇರಿತು, ಪಾತ್ರೆ ಹುಳಿ ಮರೆತು ಗಳಗಳ ಕುದಿಯಿತು. ಉಂಡು ಎದ್ದ ಇಸೊ ಪರದೆಯ ಮುಂದೆ ಬಂದು ತಡೆದಳು. ಇಷ್ಟು ಹೊಸ ಬಟ್ಟೆಗೆ ಹೇಗೆ ಒರೆಸಲಿ ಅಂದಳು. ಒರೆಸಿ ಅಕ್ಕ ಅಂದಳು ನುಯಿ. ಅಲ್ಲಿಂದ ದಿನಾ ಬಂದರು. ಪರದೆಯ ಕೆಳಗಂಚಿನಲ್ಲಿ ಬೆರಳಿನ ಗುರುತು ಬಿದ್ದವು. ಮೀನಿನ ಹುರುಪೆ ಅಂಟಿಕೊಂಡು ಬಿಸಿಲಿಗೆ ಮಿಣಮಿಣ ಅಂದವು.

ಹೀಗಿರುವಾಗ ಕೊಲ್ಲಿಯಾಚೆ ಅಕ್ಕ ಎದ್ದು ಕೂತಳು, ಈಚೆಗೆ ತೊಮೆಯಮ್ಮ ದೋಣಿ ಇಳಿದಳು. ಬೀದಿಯಲ್ಲಿ ನಡೆದು ಬಂದಳು. ಏನಾಯಿತು ಗೊತ್ತೇ? ತನ್ನ ಅಂಗಡಿ ದಾಟಿ ಮುಂದೆ ಹೋಗಿಬಿಟ್ಟಳು. ಕಪ್ಪು ಪರದೆ ಹುಡುಕಿಕೊಂಡು ಬೀದಿಯ ಕೊನೆಯವರೆಗೂ ಹೋಗಿ, ಬಲೆ ಒಣಹಾಕುವ ಜಾಗದಲ್ಲಿ ನಿಂತು, ತಲೆ ಕೆರೆದುಕೊಂಡು ಹಿಂದಕ್ಕೆ ಬಂದಳು. ಮಾಗೊಜಿ ಅವಳನ್ನು ಕಂಡು ಶಾವಿಗೆಯ ಬೋಗುಣಿ ಕೈಬಿಟ್ಟ.

"ತೊಮೆಯಕ್ಕ, ನೀವು ಸತ್ತಿಲ್ಲವೇ?"

"ಬಿಡುವು ಎಲ್ಲಿ ಸಿಕ್ಕಿತು ಮಾಗೊಜಿ. ನನ್ನ ಮನೆ ಎಲ್ಲಿ ಹೋಯಿತು, ಅದು ಹೇಳು."

ಅವನು ಬೆರಳು ತೋರಿಸಿದ. ತೊಮೆಯಮ್ಮ ನೀಲಿ ಪರದೆ ಸರಿಸಿ ಒಳಗೆ ಬಂದಳು. ಒಳಗಿನ ಹೆಂಗಸರು ಬೋಗುಣಿ ಕೆಳಗಿಟ್ಟರು. ಇಸೊ ಅರ್ಧ ಎದ್ದಳು. ನುಯಿ ನೆಲಕ್ಕೆ ಹಣೆ ಮುಟ್ಟಿಸಿದಳು.

"ತೊಳೆದುಬಿಟ್ಟೆ ಅತ್ತೆ. ನನಗೆ ಗೊತ್ತಿರಲಿಲ್ಲ. ಹೋಗು ಅಂದರೆ ಹೋಗ್ತೀನಿ."

ತೊಮೆಯಮ್ಮ ಗಂಟು ಕೆಳಗಿಟ್ಟಳು. ಒಲೆ ನೋಡಿದಳು, ಉರಿಯುತ್ತಿತ್ತು. ಸಾರು ಮೂಸಿದಳು, ಜೀವ ಇತ್ತು. ಬೆಂಚು ನೋಡಿದಳು, ಎಂದೂ ಒಳಗೆ ಬರದಿದ್ದ ಹೊಟ್ಟೆಗಳು ತುಂಬಿದ್ದವು. ಆಮೇಲೆ ತಿರುಗಿ ಪರದೆ ನೋಡಿದಳು. ನೋಡಿದವಳು ನೋಡುತ್ತಲೇ ನಿಂತಳು. ಬಿಳಿ ಹಕ್ಕಿ. ಒಂದು ರೆಕ್ಕೆ ಉದ್ದ, ಒಂದು ರೆಕ್ಕೆ ಗಿಡ್ಡ.

"ಇದನ್ನು ಹೊಲಿದಾಗ ನಾನು ಈ ಮನೆಗೆ ಹೊಸಬಳು, ಸೌಟು ಆಗಷ್ಟೇ ಅತ್ತೆಯಿಂದ ನನ್ನ ಕೈಗೆ ಬಂದಿತ್ತು," ಅಂದಳು. "ಈ ಹಕ್ಕಿ ಹಾರೋದಿಲ್ಲ, ಬೀಳ್ತದೆ ಅಂತ ನನ್ನತ್ತೆ ಊರಿಗೆಲ್ಲ ಹೇಳಿ ನಕ್ಕಿದ್ದಳು. ಕೊಳೆ ಬೇಗ ಮುಚ್ಚಲಿ ಅಂತ ಕಾದಿದ್ದೆ. ಮುಚ್ಚಿದ ಮೇಲೆ ನಾನೂ ಮರೆತೆ."

ಪಾತ್ರೆಗೆ ಬಗ್ಗಿ ಒಂದು ಮೂಲಂಗಿ ಚೂರನ್ನು ಬೆರಳಲ್ಲೇ ಎತ್ತಿ ತಿಂದಳು. ನಿಧಾನವಾಗಿ ತಿಂದಳು. ಬಾಗಿಲಿಗೆ ಹೋದಳು. ಮನೆಯವರು ಆ ಪರದೆಗೆ ಕೈ ಒರೆಸಿದ್ದೇ ಇಲ್ಲ, ಅದು ಬಂದವರ ಪಾಲು. ಆವತ್ತು ತೊಮೆಯಮ್ಮ ಗಿಡ್ಡ ರೆಕ್ಕೆಯ ಕೆಳಗೆ ಎಲ್ಲರ ಎದುರು ಐದು ಬೆರಳೂ ಒರೆಸಿದಳು. ಸಾರಿನ ಗುರುತು ಇಳಿಯಿತು. ಗಿಡ್ಡ ರೆಕ್ಕೆ ಉದ್ದವಾಯಿತು.

"ಏಳು ನುಯಿ. ಇಸೊ, ನೀನು ಯಾಕೆ ನಿಂತೆ? ಕೂತುಕೋ, ಸಾರು ಆರ್ತದೆ."

ಮಾಗೊಜಿ ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದ. ತಲೆ ತಗ್ಗಿಸಿಕೊಂಡು ಒಳಗೆ ಬಂದು, ನನಗೂ ಒಂದು ಬೋಗುಣಿ ಅಂದ. ನುಯಿ ಅವನ ಬೋಗುಣಿಗೆ ಒಂದು ಮೊಟ್ಟೆ ಹೆಚ್ಚಿಗೆ ಹಾಕಿದಳು. ಅವನಿಗೆ ಅದು ನುಂಗಲು ಕಷ್ಟವಾಯಿತು.

ಆವತ್ತಿನಿಂದ ಆ ಬೀದಿಯಲ್ಲಿ ಒಂದು ಪದ್ಧತಿ ಬಂತು. ಹೊಸ ಸೊಸೆ ಬಂದ ವಾರದಲ್ಲಿ ಎಷ್ಟೇ ಕಪ್ಪು ಪರದೆ ಇರಲಿ, ಇಳಿಸಿ ತೊರೆಗೆ ಒಯ್ದು ಒಗೆಯೋದು. ಮತ್ತೆ ತೂಗಿದ ಮೇಲೆ ಮೊದಲ ಕೈ ಅತ್ತೆ ಒರೆಸೋದು.

ಅಲ್ಲಿ ಸಾರು ಇನ್ನೂ ಕುದೀತಿದೆ, ಇಲ್ಲಿ ನನ್ನ ಕಥೆ ಇಳಿಸಿದೆ. ಉಂಡ ಕೈ ಒಣಗೋಕೆ ಮುಂಚೆ ಏಳಿ. ಒರೆಸಿಕೊಳ್ಳೋರು ಒರೆಸಿಕೊಳ್ಳಿ, ನನ್ನ ಸೆರಗು ಮಾತ್ರ ಬಿಟ್ಟುಬಿಡಿ.