ಕೊಯ್ದೀನಿ, ಕೊಯ್ದಿದ್ದೆ, ಕೊಯ್ದಿರ್ತೀನಿ

...ಅಂಜ್ತೀನಂತ ತಿಳದೀಯೇನು? ಕೂಡ್ರು, ಕೂಡ್ರು ಶೀಲಾ ಮೇಡಂ! ಹೌದು, ನಿಮ್ಮ ಸಾಲಿಗೆ ಕಾಗದ ಬರದವ ನಾನೇ. ಕೆಳಗ ಸಹಿ ಹಾಕೀನಿ: ರಘೂತ್ತಮ, ನಿವೃತ್ತ ಇಂಗ್ಲಿಷ್ ಶಿಕ್ಷಕ, ಕಲಬುರಗಿ. 'ಕಮಲಾಪುರದ ನಿಮ್ಮ ಸಾಲ್ಯಾಗ ಶೀಲಾ ಅನ್ನೋ ಟೀಚರು ನನ್ನ ಪುಸ್ತಕಾ ಕದ್ದು ಪಾಠಾ ಮಾಡ್ಲಿಕತ್ತಾಳ.' ಇಷ್ಟೇ. ಸೋಮವಾರದೊಳಗ ನನ್ನ ಕಡಿಂದ 'ಆಕಿ ಕದ್ದಿಲ್ಲ' ಅಂತ ಚೀಟಿ ತರಬೇಕಂತೇನು? ಇಲ್ಲಾಂದ್ರ ನೌಕರಿ ಹೋಗ್ತದ? ಹೋಗ್ಲಿ! ನನ್ನ ಶಿಷ್ಯಳು ಅಂತ ಬಿಡ್ತೀನಂದ್ಕೊಂಡ್ಯಾ?

ಏ ಇಂದೂ, ಚಹಾ ಒಳಗ ಒಯ್ಯಿ... ಮೇಡಂಗ ನನ್ನ ಹೆಂಡತಿ ಮಾಡಿದ ಚಹಾ ಬ್ಯಾಡಂತ!

ಯಾಕ ನಗ್ತಿ? ನಗೂದಕ್ಕೇನದ ಇದ್ರಾಗ? ಎರಡನೇ ಮುದ್ರಣ ಬಂದದ ನನ್ನ ಇಂಗ್ಲಿಷ್ ವ್ಯಾಕರಣದ ಪುಸ್ತಕದ್ದು. ರಿಟೈರಾದ ಮ್ಯಾಲ ಮಂದಿ ಬಿ.ಪಿ. ಗುಳಿಗಿ ನುಂಗ್ಕೋತ ಕೂಡ್ತಾರ, ನಾನು... ಅಹಾಹಾ! ಬಜಾರಕ್ಕ ಹೋದ್ರ ಹುಡುಗರ ಅಪ್ಪಂದಿರು ಸ್ಕೂಟರ್ ನಿಲ್ಲಿಸಿ, 'ನಮಸ್ಕಾರ್ರೀ, ಬಾಳೆಗೊನಿ ಸರ್!' ಅಂತಾರ. ಇದಕ್ಕಿಂತ ಸುಖ ಯಾವುದದ ಹೇಳು.

ಹೊಳದದ್ದು ಯಾರಿಗೆ? ನನಗ! ಪರ್ಫೆಕ್ಟ್ ಟೆನ್ಸ್ ಅಂದ್ರ ಹುಡುಗರು 'ಹ್ಯಾವ್, ಹ್ಯಾಡ್, ವಿಲ್ ಹ್ಯಾವ್' ಅಂತ ಬಾಯಿಪಾಠ ಹೊಡದು ಬ್ಯಾಸತ್ತು ಹೋಗಿದ್ರು. ನಾ ಏನ್ ಮಾಡ್ದೆ? ನಿಮ್ಮೂರ ಕೆಂಪು ಬಾಳೆಗೊನಿ ತಂದು ನಡುವ ಇಟ್ಟೆ. 'ಗೊನಿ ಕೊಯ್ದೀನಿ.' ಯಾವಾಗ ಕೊಯ್ದಿ ಅಂತ ಯಾರೂ ಕೇಳಂಗಿಲ್ಲ. ಗೊನಿ ಕಣ್ಣಮುಂದ ಕಟ್ಟಿ ಮ್ಯಾಲ ಬಿದ್ದದ. ಪ್ರೆಸೆಂಟ್ ಪರ್ಫೆಕ್ಟ್! 'ಬಸ್ಸು ಬರೂಕಿಂತ ಮೊದಲೇ ಕೊಯ್ದಿದ್ದೆ.' ಎರಡೂ ಮುಗದು ಹೋದ ಕೆಲಸ, ಮೊದಲ ಮುಗದದ್ದು ಯಾವುದು? ಪಾಸ್ಟ್ ಪರ್ಫೆಕ್ಟ್! 'ನಾಳೆ ನೀ ಬರೂದ್ರಾಗ ಕೊಯ್ದಿರ್ತೀನಿ.' ಇವತ್ತು ಗೊನಿ ಗಿಡದಾಗೇ ಅದ, ಆದ್ರ ನೀ ಬರೂ ಹೊತ್ತಿಗೆ ಕೆಳಗ. ಫ್ಯೂಚರ್ ಪರ್ಫೆಕ್ಟ್! ಮನಿ ಮಾತಿನಾಗೇ ಇತ್ತಲ್ಲ ಎಲ್ಲಾ! ದಿನಾ ಕಲಬುರಗಿಯಿಂದ ಕಮಲಾಪುರಕ್ಕ ಬಸ್ಸಿನ್ಯಾಗ ಜೋತಾಡ್ಕೋತ ಹೋಗ್ತಿದ್ದೆ ನೋಡು, ಆವಾಗ ಹೊಳದದ್ದು.

ಹಾಂ? ತುಟಿ ಅಲ್ಲಾಡಿಸಿದ್ಯಲ್ಲ... ನೋಟ್‌ಬುಕ್ಕು ಅಂದ್ಯಾ?

ಬಂತು ನೋಡು! ಇದನ್ನೇ ಕಾಯ್ಲಿಕತ್ತಿದ್ದೆ. ಹತ್ತನೇ ಕ್ಲಾಸಿನ ಪರೀಕ್ಷಾಕ್ಕ ಮೊದಲ ಎಲ್ಲಾರೂ ಸಹಿಗೆ ಇಟ್ಟು ಹೋಗಿದ್ರಿ, ಎಂಬತ್ತು ನೋಟ್‌ಬುಕ್ಕು. ಒಂದು ಕಳೀತು. ನಿಂದು. ಆವಾಗೇ ಹೇಳೀನಲ್ಲ? ತೆರದು ಸುದ್ದಾ ನೋಡಿಲ್ಲ ಅದನ್ನ. ವಿಠ್ಠಲನ ಆಣಿ!

ಏನದು, ಪುಸ್ತಕದಾಗ ಬೆರಳಿಟ್ಟು ತೋರಸ್ತಿ? ಶಂಕ್ರಮ್ಮ? ಆತು, 'ಶಂಕ್ರಮ್ಮ ಗೊನಿ ಕೊಯ್ದಾಳ' ಅಂತ ಬರದೀನಿ. ನಿಮ್ಮ ಅಜ್ಜಿ ಹೆಸರೂ ಅದೇ ಇದ್ರ ನಾ ಏನ್ ಮಾಡ್ಲಿ? ನಿಮ್ಮೂರಾಗ ಓಣಿಗೆ ಮೂರು ಮಂದಿ ಶಂಕ್ರಮ್ಮ ಇದ್ದಾರ!

ಹಂಗ ನೋಡಬ್ಯಾಡ. ಕರುಳಿಲ್ಲದವನ್ನ ನೋಡಿದಂಗ ನೋಡ್ತಿ... ನನಗೂ ಮನುಷ್ಯತ್ವ ಅದ, ತಿಳೀತೇನು? 'ಅಜ್ಜಿ ದವಾಖಾನಿಯಿಂದ ಬರೂದ್ರಾಗ ಗೊನಿ ಹಣ್ಣಾಗಿರ್ತದ' ಅಂತ ನೋಟ್‌ಬುಕ್ಕಿನ್ಯಾಗ ಬರದು, ಆಮ್ಯಾಲ ಅದರ ಮ್ಯಾಲ ಗೀಟು ಹೊಡದು, ಕೆಳಗ ಸಣ್ಣಕ್ಷರದಾಗ 'ಬರಲಿಲ್ಲ' ಅಂತ ಬರದಿದ್ಯಲ್ಲ... ಆ ವಾಕ್ಯ ನನ್ನ ಪುಸ್ತಕದಾಗ ಎಲ್ಲ್ಯರ ಅದೇನು? ಹುಡುಕು! ಇಲ್ಲ! ಅದನ್ನ ಮುಟ್ಟಿಲ್ಲ ನಾ. ಅದೊಂದನ್ನ ಬಿಟ್ಟೀನಿ, ಯಾಕಂದ್ರ...

ಯಾಕಂದ್ರ...

ಪುಸ್ತಕಾ ಯಾಕ ಮುಚ್ಚಿದಿ?

ಶೀಲಾ... ಅಳಬ್ಯಾಡ. ಅಳ್ಲಿಕತ್ತಿಲ್ಲ? ಮತ್ತ ಏನರ ಅನ್ನು. ಬೈ! ಕಳ್ಳಾ ಅನ್ನು! ಇಷ್ಟೊತ್ತು ನಾನೇ ಒದರೀನಿ, ನೀನೂ ಒಂದು ಮಾತು... ಒಂದೇ ಮಾತು...

ಏ ಇಂದೂ, ನೀ ಬಾಗಿಲದಾಗ ನಿಂದ್ರಬ್ಯಾಡ, ಒಳಗ ನಡಿ.

...ಹಾಳಿ ಎಲ್ಲದ? ಕೊಡು ಇಲ್ಲಿ, ಪೆನ್ನೂ ಕೊಡು. ಸಾಲಿಗೆ ಬರೀತೀನಿ. ಏನಂತ ಬರೀಲಿ? ಹೇಳು, ನೀ ಹೇಳಿದಂಗ ಬರೀತೀನಿ, ಒಂದಕ್ಷರ ಹೆಚ್ಚುಕಡಿಮಿ ಮಾಡಂಗಿಲ್ಲ.

ಹೇಳಂಗಿಲ್ಲಾ?

ಇದೊಂದನ್ನರ... ನಾನೇ ಬರೀಬೇಕಂತೀ?