ಹೆಸರು ಬದಲಿಸಿದ ಹೆಂಗಸು

ಯಶವಂತನಗರದಲ್ಲಿ ಸಂಡೂರು ಬಸ್ಸು ಹತ್ತಿ ಕೂತ ಕೊಟ್ರಬಸಮ್ಮನಿಗೆ ಮುಂದಿನ ಸೀಟಿನ ದನಿ ಗುರುತಾಯಿತು. ಸಂಡೂರಿನ ಆಪ್ತಸಲಹಾ ಕೇಂದ್ರದಲ್ಲಿ ಜನರ ಮನಸ್ಸಿನ ಕಷ್ಟ ಕೇಳುತ್ತ ಕೂರುವ, ಇನ್ನೂ ಓದುತ್ತಿರುವ ಪೂಜಿತಾ. ಮಾತಾಡಿಸಬೇಕೆನ್ನುವಷ್ಟರಲ್ಲಿ ಪಕ್ಕದ ಗೆಳತಿ ಕೇಳಿದಳು:

"ನಮ್ಮ ಕ್ಲಾಸಿನ ಆನ್‌ಲೈನ್ ಚರ್ಚೆಗೆ ನೀ ಹಾಕಿದ್ದನ್ನ ಮೇಡಂ ಯಾಕ ತಗಿಸಿದ್ರು?"

"ಗುಟ್ಟು ಕಾಯೋ ಪಾಠಕ್ಕ ಕೇಂದ್ರಕ್ಕ ನನ್ನ ಹತ್ರ ಬರೋ ಒಬ್ಬಾಕಿದು ಉದಾಹರಣೆ ಕೊಟ್ಟಿದ್ದೆ. ಹೆಸರು ಬದಲಿ ಮಾಡಿದ್ದೆ."

"ಮತ್ತೇನಾತು?"

"ಉಳಿದಿದ್ದು ಹಂಗ ಬಿಟ್ಟಿದ್ದೆ. ಯಶವಂತನಗರದಾಕಿ, ಗಂಡ ಕಂಪನಿ ಬಸ್ ಡ್ರೈವರ್ ಆಗಿದ್ದ, ಸತ್ತಮ್ಯಾಲೂ ದಿನಾ ಊಟಕ್ಕ ಎರಡು ತಾಟು ಇಡ್ತಾಳ ಅಂತ. 'ಇಕಿ ನಮ್ಮ ಓಣಿ ಅಕ್ಕ' ಅಂತ ಒಬ್ಬಾಕಿ ಕೆಳಗ ಬರದುಬಿಟ್ಟಳು."

"ಅಯ್ಯೋ! ಅಕಿಗೆ ಹೇಳಿದೇನು?"

"ಇವತ್ತು ಬರ್ತಾಳ. ಹೆಂಗ ಹೇಳ್ಲಿ? ನನ್ನ ಬಿಟ್ರ ಅಕಿ ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ."

ಕೊಟ್ರಬಸಮ್ಮ ಸೆರಗನ್ನು ಮುಖದವರೆಗೆ ಎಳೆದುಕೊಂಡಳು. ಪೂಜಿತಾಗೆಂದು ಕಟ್ಟಿ ತಂದ ಮಂಡಕ್ಕಿ ಉಂಡೆ ಮಡಿಲಲ್ಲೇ ಇತ್ತು. ಕೇಂದ್ರದ ಮುಂದೆ ಹುಡುಗಿಯರಿಬ್ಬರೂ ಇಳಿದರು.

"ಅಮ್ಮಾ, ನಿಮ್ಮ ಸ್ಟಾಪ್ ಬಂತು, ಇಳೀರಿ," ಎಂದ ಆಕೆ ದಿನವೂ ಇಳಿಯುವ ಜಾಗ ಬಲ್ಲ ಕಂಡಕ್ಟರ್.

"ನಾನಿಲ್ಲಿ ಇಳಿಯಾಕಿ ಅಲ್ರಿ," ಎಂದಳು ಕೊಟ್ರಬಸಮ್ಮ.