ನೆಲಮಾಳಿಗೆಯ ಏಳನೇ ವೈಫೈ

ನನ್ನ ಡೈರಿಯಲ್ಲಿ ಹೀಗಿದೆ: '೨೦೧೯ ನವೆಂಬರ್ ೧೯, ಮಂಗಳವಾರ. ಬೆಳಿಗ್ಗೆ ಆರೂಮುಕ್ಕಾಲು. ನಾದಿನಿ ಬರಿಗಾಲಲ್ಲಿ ಬಂದಳು. ಬಲಗೈಯ ಮೂರು ಉಗುರು ಕಿತ್ತುಹೋಗಿವೆ.' ಬಿ.ಎಸ್‌ಸಿ. ಓದಿದವಳು ನಾನು. ಕಂಡದ್ದನ್ನು ಕಂಡ ಹೊತ್ತಿಗೇ ಬರೆದಿಡುತ್ತೇನೆ. ಅಂತೆಕಂತೆ ನನಗೆ ಆಗದು.

ನಾದಿನಿಗೆ ಹಳೇ ದಾಖಲೆಗಳ ಗೋದಾಮಿನಲ್ಲಿ ರಾತ್ರಿಪಾಳಿ. ಕಟ್ಟಡದಲ್ಲಿ ಹನ್ನೆರಡು ವೈಫೈ ಪೆಟ್ಟಿಗೆಗಳು. ಯಾವುದಕ್ಕೆ ಎಷ್ಟು ಫೋನು ಅಂಟಿಕೊಂಡಿವೆ, ಎಷ್ಟು ಮಾಹಿತಿ ಹೋಯಿತು, ಎಷ್ಟು ಬಂತು ಎಂದು ಪರದೆಯಲ್ಲಿ ನೋಡುತ್ತ ಕೂರುವುದು ಅವಳ ಕೆಲಸ. ಹೊತ್ತು ಮೀರಿದ ಮೇಲೆ ಪಟ್ಟಿಯಲ್ಲಿಲ್ಲದ ಫೋನು ಕಂಡರೆ ಮೊದಲು ಅದರ ಸಂಪರ್ಕ ಕಡಿಯಬೇಕು, ವಿಚಾರಣೆ ಬೆಳಿಗ್ಗೆ. ಅದು ಅಲ್ಲಿನ ಪದ್ಧತಿ. ಆ ತಿಂಗಳಿಂದ ಯಂತ್ರವೇ ತಾನಾಗಿ ಕಡಿಯುವಂತೆ ಇವಳೇ ಮಾಡಿಟ್ಟಿದ್ದಳು.

ಹಿಂದಿನ ರಾತ್ರಿ ಒಂದೂವರೆ. ನೆಲಮಾಳಿಗೆಯ ಏಳನೇ ಪೆಟ್ಟಿಗೆಯಲ್ಲಿ ಒಂದು ಫೋನು. ಕಳಿಸುತ್ತಿದೆ... ಕಳಿಸುತ್ತಲೇ ಇದೆ. ಅದಕ್ಕೆ ಬಂದದ್ದು ಸೊನ್ನೆ. ಯಂತ್ರ ಕಡಿಯಿತು. ಮತ್ತೆ ಬಂತು. ಕಡಿಯಿತು. ಮತ್ತೆ ಬಂತು.

ಪಕ್ಕದ ಬೆಂಚಿನಲ್ಲಿ ಕಾವಲುಗಾರ. ಎಲ್ಲರ ಬಾಯಲ್ಲೂ ಅವನು ಗೊರಕೆಯಣ್ಣ.

"ಗೊರಕೆಯಣ್ಣ, ಕೆಳಗೆ ಯಾರಾದ್ರೂ ಇದ್ದಾರಾ?"

"ಇಲಿ ಇರ್ಬೇಕಮ್ಮ. ಈಗ ಇಲಿಗೂ ಫೋನು ಬೇಕಲ್ಲ," ಎಂದು ಮಗ್ಗುಲಾದ.

ಆಫೀಸಿನ ಫೋನು ಚಾರ್ಜಿಗಿತ್ತು. ತನ್ನ ಸ್ವಂತದ್ದನ್ನೇ ಹಿಡಿದು ಇಳಿದಳು.

ಏಳನೇ ಪೆಟ್ಟಿಗೆಯಿದ್ದ ಕೋಣೆಯಲ್ಲಿ ಯಾರೂ ಇಲ್ಲ. ಬೆನ್ನ ಹಿಂದೆ ಬಾಗಿಲು 'ಕಟಕ್' ಎಂದಿತು. ಹಿಡಿ ತಿರುಗಿಸಿದಳು... ಜಪ್ಪಯ್ಯ ಅನ್ನಲಿಲ್ಲ. ದೀಪ ಆರಿತು. ನೆಲಮಾಳಿಗೆಗೆ ಬೇರೆ ಸಿಗ್ನಲ್ ಇಲ್ಲ, ಆ ವೈಫೈ ಒಂದೇ. 'ಬಾಗಿಲು ತೆಗೀರಿ' ಎಂದು ಗೊರಕೆಯಣ್ಣನಿಗೆ ಬರೆದಳು. ಹೋಗಲಿಲ್ಲ. ಮತ್ತೆ ಬರೆದಳು. ಆಗ ಹೊಳೆಯಿತು. ಅವಳ ಸ್ವಂತ ಫೋನು ಪಟ್ಟಿಯಲ್ಲಿಲ್ಲ. ಅವಳ ಯಂತ್ರವೇ ಅವಳನ್ನು ಕಡಿಯುತ್ತಿತ್ತು.

ಕತ್ತಲಲ್ಲಿ ಸದ್ದು. 'ಟುಪ್'... ದಪ್ಪ ಕಾಗದಕ್ಕೆ ಸೂಜಿ ಚುಚ್ಚಿದ್ದು. 'ಸರ್ರ್...' ದಾರ ಎಳೆದದ್ದು.

ಇಷ್ಟು ಹೇಳಿ ನಾದಿನಿ ನನ್ನ ಅಡುಗೆಮನೆಯ ನೆಲದ ಮೇಲೆ ಕುಸಿದಳು. ಆಮೇಲಿನದೆಲ್ಲ ಪಿಸುದನಿ.

"ಅತ್ತಿಗೆ, ಹೋದ ತಿಂಗಳು ಆ ಕೋಣೇಲಿ ಪುಸ್ತಕ ಕಟ್ಟೋ ಬೈಂಡರ್ ಸತ್ತನಲ್ಲ..."

"ಎದೆನೋವು ಬಂದು ಒಂದೇ ಕ್ಷಣದಲ್ಲಿ ಹೋದ ಅಂದಿದ್ಯಲ್ಲೇ?"

"ಆಫೀಸಿನವರು ಹಾಗೆ ಹೇಳಿಸಿದ್ದು. ಬಾಗಿಲು ಕೆಟ್ಟು ಒಳಗೆ ಸಿಕ್ಕಿಕೊಂಡಿದ್ದ. ನೋವು ತಿಂತಾ ರಾತ್ರಿಯೆಲ್ಲ ಫೋನು ಮಾಡೋಕೆ ನೋಡ್ದ. ಗೊತ್ತಿಲ್ಲದ ಫೋನು ಅಂತ... ನಲವತ್ತು ಸಲ ಕಡಿದವಳು ನಾನು."

"ನಿನ್ನೆ ಕಂಡದ್ದು..."

"ಅದೇ ಫೋನು. ಅದನ್ನ ಅವನ ಹೆಂಡತಿ ಬೀರುವಲ್ಲಿಟ್ಟು ಬೀಗ ಹಾಕಿದ್ದಾಳೆ, ಅತ್ತಿಗೆ."

ಸದ್ದು ನಿಲ್ಲಲಿಲ್ಲವಂತೆ. ಕಪಾಟಿನ ಕಡೆಯಿಂದ ಮೇಜಿಗೆ... ಮೇಜಿನಿಂದ ಅವಳ ಕಿವಿಯ ಪಕ್ಕಕ್ಕೆ. ಕೂಗಿದಳು. ಬಾಗಿಲು ಪರಚಿದಳು. ಕೊನೆಗೆ ಗೋಡೆಗೆ ಒರಗಿ, "ನಿನ್ನ ಹೆಂಡತಿಗೆ ನಿಜ ಹೇಳ್ತೀನಿ," ಎಂದಳು.

'ಟುಪ್' ಎಂದದ್ದು 'ಸರ್ರ್' ಅನ್ನಲಿಲ್ಲ.

ಬೆಳಕು ಬಂತು. ಬಾಗಿಲಲ್ಲಿ ಗೊರಕೆಯಣ್ಣ.

"ಇದೇನಮ್ಮ ಇಲ್ಲಿ ಕೂತಿದ್ದೀರಿ? ಯಾವಾಗ ಬಂದ್ರಿ?"

"ಬಾಗಿಲು ಹೇಗೆ ತೆಗೆದ್ರಿ?"

"ತೆಗೆಯೋದೇನು? ರಾತ್ರಿಯೆಲ್ಲ ಹಾರುಹೊಡೆದೇ ಇತ್ತಲ್ಲ. ಎರಡು ಸಲ ಬಂದು ಟಾರ್ಚ್ ಹಾಕಿ ನೋಡ್ದೆ. ಯಾರೂ ಇರ್ಲಿಲ್ಲ."

ಗೊರಕೆಯಣ್ಣನನ್ನು ನಾನೇ ಕೂರಿಸಿಕೊಂಡು ಕೇಳಿದ್ದೇನೆ, ಮೂರು ಸಲ. ಮೂರು ಸಲವೂ ಅದನ್ನೇ ಹೇಳಿದ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಡೆದದ್ದಂತೂ ನಡೆದದ್ದೇ.

ಅದೇ ದಿನ ಅವಳ ಜೊತೆ ಬೈಂಡರನ ಮನೆಗೆ ಹೋದೆ. ಅವನ ಹೆಂಡತಿ ಪೂರ್ತಿ ಕೇಳಿಸಿಕೊಂಡಳು. "ನಲವತ್ತಾ?" ಎಂದು ಒಮ್ಮೆ ಕೇಳಿದಳು, ಅಷ್ಟೇ.

ನಾದಿನಿ ನಿಜವನ್ನು ಬರೆದು ಸಹಿ ಹಾಕಿ ಆ ಹೆಂಗಸಿನ ಕೈಗೆ ಕೊಟ್ಟಳು. ಹದಿನಾಲ್ಕು ವರ್ಷದ ಕೆಲಸ ಒಂದೇ ವಾರದಲ್ಲಿ ಹೋಯಿತು. ಆ ಕೆಲಸ ಕೊಡಿಸಿದ್ದವರು ನನ್ನ ಯಜಮಾನರು. ಅವಳನ್ನು ಎತ್ತಿ ಆಡಿಸಿದ ಅಣ್ಣ. ಮರ್ಯಾದೆ ತೆಗೆದಳೆಂದು ತಂಗಿಯ ಜೊತೆ ಮಾತು ಬಿಟ್ಟರು. ಸಾಯುವವರೆಗೂ ಆಡಲಿಲ್ಲ.